ಒಂದೂಕಾಲು ಎಂಬ ಸಂಖ್ಯೆ

ಜನವರಿಯ ಒಂದು ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಮಗೆ ಆ ಸಂಖ್ಯೆ ಸಿಕ್ಕಿತು. ಒಂದೂಕಾಲು. ಆನ್ಸಿಲ್ಲಾ ಮೇಡಂ ಕನ್ನಡಕ ತೆಗೆದು, ಶಾಲಿನ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಪರದೆಯನ್ನು ನೋಡಿದರು. ನಾನು ಲೆಕ್ಕವನ್ನು ಮೊದಲಿನಿಂದ ಇನ್ನೊಮ್ಮೆ ಓಡಿಸಿದೆ. ಮತ್ತೆ ಒಂದೂಕಾಲೇ ಬಂತು.

ನಮ್ಮ ಲ್ಯಾಬ್ ಇರುವುದು ಕರಾವಳಿಯ ಉಪ್ಪಳದಿಂದ ಒಳಗೆ, ಪದವು ಎಂದು ನಾವು ಕರೆಯುವ ಮುರಕಲ್ಲಿನ ಒಂದು ಬೋಳು ಗುಡ್ಡದ ಮೇಲೆ. ಹೈವೇಯ ಲಾರಿಗಳ ಅದುರು ಅಲ್ಲಿಯವರೆಗೆ ಮುಟ್ಟುವುದಿಲ್ಲ ಎಂದೇ ಆ ಜಾಗ ಆರಿಸಿದ್ದು. ಅಲ್ಲಿ ನಾವು ಮಾಡುವುದು ಆಂಪ್ಲಿಫೈಯರ್, ಬೆರಳಿನ ಉಗುರಿನಷ್ಟೇ ದೊಡ್ಡ ಎಲೆಕ್ಟ್ರಾನಿಕ್ ಚಿಪ್ಪಿನ ಮೇಲೆ. ಮದುವೆ ಚಪ್ಪರದ ಮೈಕಿಗೆ ಇರುವ ಆಂಪ್ಲಿಫೈಯರಿಗೂ ಇದಕ್ಕೂ ಕೆಲಸ ಒಂದೇ, ಸಣ್ಣದನ್ನು ದೊಡ್ಡದು ಮಾಡುವುದು. ಆದರೆ ಮೈಕಿನದ್ದು ಮಾತಿನ ಜೊತೆಗೆ ತನ್ನದೂ ಒಂದು ಗುಂಯ್ ಸೇರಿಸುತ್ತದೆ. ಗಟ್ಟಿಯಾಗಿ ಮಾತಾಡುವವರಿಗೆ ಅದರಿಂದ ತೊಂದರೆಯಿಲ್ಲ. ನಾವು ಕೇಳಬೇಕಾದದ್ದು ಗಟ್ಟಿ ಮಾತಲ್ಲ. ಹೊರದೇಶದ ಒಂದು ಗುಂಪು ನೆಲದಡಿಯ ಸುರಂಗದಲ್ಲಿ ಡಿಟೆಕ್ಟರ್ ಇಟ್ಟು, ಇಂದಿನವರೆಗೆ ಯಾರೂ ಹಿಡಿಯದ ಕಣಗಳಿಗಾಗಿ ಕಾಯಲು ಹೊರಟಿದೆ. ಅಂಥ ಒಂದು ಕಣ ಬಡಿದರೆ ಡಿಟೆಕ್ಟರಿನಿಂದ ಹೊರಡುವ ಸಂಕೇತ ಎಷ್ಟು ಕ್ಷೀಣವೆಂದರೆ, ಮಾಮೂಲಿ ಆಂಪ್ಲಿಫೈಯರಿನ ಗದ್ದಲದಲ್ಲಿ ಅದು ಗುರುತಿಲ್ಲದಂತೆ ಮುಳುಗಿಹೋಗುತ್ತದೆ.

ಅದಕ್ಕೇ ನಮ್ಮ ಚಿಪ್ಪು ಅತಿವಾಹಕ ಲೋಹದ್ದು. ಸಾಕಷ್ಟು ತಣಿಸಿದರೆ ವಿದ್ಯುತ್ತಿಗೆ ಒಂದಿಷ್ಟೂ ತಡೆ ಒಡ್ಡದ ಲೋಹ ಅದು. ತಡೆ ಇಲ್ಲದಲ್ಲಿ ಬಿಸಿ ಹುಟ್ಟುವುದಿಲ್ಲ, ಬಿಸಿ ಇಲ್ಲದಲ್ಲಿ ಗದ್ದಲವೂ ಕಡಿಮೆ. ಪೂರ್ತಿ ಮೌನ ಮಾತ್ರ ಯಾರಿಗೂ ಸಾಧ್ಯವಿಲ್ಲ. ನಮ್ಮಂಥ ಆಂಪ್ಲಿಫೈಯರ್ ಇದಕ್ಕಿಂತ ಕಡಿಮೆ ಗದ್ದಲ ಸೇರಿಸಲಾರದು ಎಂದು ಪ್ರಕೃತಿಯೇ ಒಂದು ಗೆರೆ ಎಳೆದಿದೆ. ಆ ಗೆರೆಯನ್ನು ಒಂದು ಎಂದಿಟ್ಟುಕೊಂಡರೆ ನಮ್ಮ ಆಂಪ್ಲಿಫೈಯರಿನ ಗದ್ದಲ ಒಂದೂಕಾಲು. ಅಷ್ಟು ಹತ್ತಿರ ಹೋದವರು ಹೆಚ್ಚು ಮಂದಿಯಿಲ್ಲ.

ಮೇಡಂ ವರ್ಕಾಡಿಯವರು. ಇಪ್ಪತ್ತೆರಡು ವರ್ಷ ಬೇರೆ ಬೇರೆ ಊರುಗಳ ಲ್ಯಾಬ್‌ಗಳಲ್ಲಿ ದುಡಿದು, ಐವತ್ತರ ಹೊತ್ತಿಗೆ ಇಲ್ಲಿಗೆ ಬಂದು ಈ ಲ್ಯಾಬ್ ಕಟ್ಟಿಸಿದವರು. ನಾನು ತೃಷಾ, ಮೊಗ್ರಾಲಿನವಳು. ಅವರ ಜೊತೆ ಕೆಲಸಕ್ಕೆ ಸೇರಿ ಆಗ ಮೂರು ವರ್ಷವಾಗಿತ್ತು. ಇದಕ್ಕೆ ಮೊದಲು ಹನ್ನೊಂದು ಚಿಪ್ಪು ಕೈಕೊಟ್ಟಿದ್ದವು. ಹನ್ನೆರಡನೆಯದು ಒಂದೂಕಾಲು ತೋರಿಸಿದಾಗ ಮೇಡಂ, "ಉಗ್ಗಪ್ಪಣ್ಣನನ್ನು ಕರಿ, ಅವರೂ ನೋಡ್ಲಿ" ಎಂದರು, ಅಷ್ಟೆ.

ಉಗ್ಗಪ್ಪಣ್ಣ ನಮ್ಮ ಫ್ರಿಜ್ಜನ್ನು ನೋಡಿಕೊಳ್ಳುವವರು. ಫ್ರಿಜ್ ಎಂದು ನಾವು ಕರೆಯುವುದು ಆಳೆತ್ತರದ ಬಿಳಿ ಸಿಲಿಂಡರನ್ನು; ಹೀಲಿಯಂ ಸುತ್ತಿಸಿ ಅದರ ಒಳಗನ್ನು ನಿರಪೇಕ್ಷ ಶೂನ್ಯಕ್ಕೆ, ಯಾವುದೂ ಅದಕ್ಕಿಂತ ತಣ್ಣಗಾಗಲಾರದ ಮಟ್ಟಕ್ಕೆ, ಕೂದಲೆಳೆಯಷ್ಟು ಹತ್ತಿರ ತಣಿಸುತ್ತೇವೆ. ಉಗ್ಗಪ್ಪಣ್ಣ ಮೂವತ್ತೊಂದು ವರ್ಷ ಶಿರಿಯದಲ್ಲಿ ಮೀನಿನ ದೋಣಿಗಳಿಗೆ ಐಸ್ ಕೊಡುವ ಪ್ಲಾಂಟಿನ ಮೆಕ್ಯಾನಿಕ್ ಆಗಿದ್ದರು. ಪ್ಲಾಂಟ್ ಮುಚ್ಚಿದ ಮೇಲೆ ಇಲ್ಲಿಗೆ ಬಂದವರು ಮೊದಲ ದಿನವೇ ಮೇಡಂಗೆ, ನಮ್ಮ ಕಡೆ ಕ್ರಿಸ್ತಿಯನ್ ಹೆಂಗಸರನ್ನು ಮರ್ಯಾದೆಯಿಂದ ಕರೆಯುವಂತೆ ಕರೆದು, ಹೇಳಿದರಂತೆ, "ಬಾಯಮ್ಮ, ಎಂತ ಮಾಡುದೂಂತ ಗೊತ್ತಿಲ್ಲದ ಮಿಶಿನನ್ನು ನಾನು ಕಾಯುದಿಲ್ಲ. ನನಗೆ ಹೇಳಿಕೊಡ್ಬೇಕು."

ಮೇಡಂ ಅವತ್ತು ಎರಡು ಗಂಟೆ ಕೂತು ಹೇಳಿಕೊಟ್ಟರು. ಅಂದಿನಿಂದ ಅದೊಂದು ವಾಡಿಕೆಯಾಯಿತು. ಲ್ಯಾಬಿಗೆ ಹೊಸತೇನು ಬಂದರೂ ಮಧ್ಯಾಹ್ನ ಊಟದ ಹೊತ್ತಿಗೆ ಉಗ್ಗಪ್ಪಣ್ಣನಿಗೆ ಅದರ ಪಾಠ. ಕೇಳುತ್ತಾ ಕೂತರೆ ನನಗೂ ಎಷ್ಟೋ ಸಂಗತಿ ಆಗಲೇ ಸರಿಯಾಗಿ ಅರ್ಥವಾದದ್ದು. ಚಿಪ್ಪು ಸಂಕೇತವನ್ನು ಹೇಗೆ ದೊಡ್ಡದು ಮಾಡುತ್ತದೆ ಎಂದು ಅವರು ಕೇಳಿದಾಗ ಮೇಡಂ ಹೇಳಿದ್ದು ಇನ್ನೂ ನೆನಪಿದೆ. "ಉಯ್ಯಾಲೆಯ ಮೇಲೆ ನಿಂತು ಜೀಕುವವಳನ್ನು ನೋಡಿದ್ದೀರಲ್ಲ? ಹಿಂದಿನಿಂದ ದೂಡ್ಲಿಕ್ಕೆ ಯಾರೂ ಇಲ್ಲ. ಸರಿಯಾದ ಹೊತ್ತಿಗೆ ಮಂಡಿ ಮಡಚುತ್ತಾಳೆ, ಸರಿಯಾದ ಹೊತ್ತಿಗೆ ಏಳ್ತಾಳೆ. ಅಷ್ಟರಲ್ಲೇ ಉಯ್ಯಾಲೆ ಮೇಲೆ ಮೇಲೆ ಹೋಗ್ತದೆ. ನಾವು ಚಿಪ್ಪಿಗೆ ಇನ್ನೊಂದು ತರಂಗ ಕೊಟ್ಟು ಅದೇ ರೀತಿ ಮಂಡಿ ಮಡಚಿ ಏಳಿಸುದು."

ಸಂಖ್ಯೆಯನ್ನು ಅದೇ ದಿನ ಹೊರದೇಶದ ಗುಂಪಿಗೆ ಬರೆದು ಕಳುಹಿಸಿದೆವು. ಮೂರು ಲ್ಯಾಬ್‌ಗಳ ಆಂಪ್ಲಿಫೈಯರ್‌ಗಳಲ್ಲಿ ಒಂದನ್ನು ಅವರು ಆರಿಸಬೇಕಿತ್ತು. ಮರುದಿನವೇ ಅಭಿನಂದನೆಯ ಮೇಲ್ ಬಂತು: ಮೂವರಲ್ಲಿ ನಮ್ಮದೇ ಮುಂದೆ. ಸುದ್ದಿ ಹೇಗೋ ಊರಿಗೂ ತಿಳಿದು, ಮಂಗಲ್ಪಾಡಿ ಕಡೆಯ ಒಂದು ವಾಚನಾಲಯದ ಕಾರ್ಯದರ್ಶಿ ಸುಬ್ಬರಾಯ ಮಾಸ್ಟ್ರು ಸ್ಕೂಟರಿನಲ್ಲಿ ಪದವು ಹತ್ತಿಕೊಂಡು ಬಂದರು. ಮುಂದಿನ ಭಾನುವಾರ ಮೇಡಂಗೆ ಸನ್ಮಾನ ಎಂದು ನಿಶ್ಚಯವಾಯಿತು.

ಆ ಭಾನುವಾರಕ್ಕೆ ಮೊದಲಿನ ಬುಧವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಉಗ್ಗಪ್ಪಣ್ಣನ ಡಬ್ಬಿಯಲ್ಲಿ ಹುರಿದ ಬೂತಾಯಿ ಮೀನು ಇತ್ತು. ನಮಗಿಬ್ಬರಿಗೂ ಒಂದೊಂದು ಬಡಿಸಿದರು. ಆಮೇಲೆ, "ಬಾಯಮ್ಮ, ಈ ಒಂದೂಕಾಲನ್ನು ಅಳೆದದ್ದು ಹೇಗೆ? ಅದೊಂದನ್ನು ನೀವು ಹೇಳ್ಲಿಲ್ಲ" ಎಂದರು.

ಮೇಡಂ ಹೇಳಿದರು. ಗದ್ದಲವನ್ನು ಅಳೆಯಬೇಕಾದರೆ ನಮಗೆ ಮೊದಲೇ ಗೊತ್ತಿರುವ ಗದ್ದಲ ಒಂದು ಬೇಕು. ಫ್ರಿಜ್ಜಿನೊಳಗೆ ವಿದ್ಯುತ್ತಿಗೆ ತಡೆ ಒಡ್ಡುವ ಸಣ್ಣದೊಂದು ರೆಸಿಸ್ಟರ್ ಇದೆ. ಅದನ್ನು ತುಸು ಬಿಸಿ ಮಾಡಿದರೆ, ಆ ಬಿಸಿಗೆ ತಕ್ಕಷ್ಟೇ ಗದ್ದಲ ಅದರಿಂದ ಹೊರಡುತ್ತದೆ. ತಣ್ಣಗಿದ್ದಾಗ ಒಮ್ಮೆ, ಬಿಸಿಯಾದಾಗ ಒಮ್ಮೆ ಅದನ್ನು ಆಂಪ್ಲಿಫೈಯರಿನಲ್ಲಿ ಹಾಯಿಸಿ ನೋಡುತ್ತೇವೆ. ಬಿಸಿಗೆ ಗದ್ದಲ ಏರಿದ್ದು ಎಷ್ಟೋ ಅದೇ ನಮ್ಮ ಅಳತೆಗೋಲು; ಆಂಪ್ಲಿಫೈಯರಿನ ಗದ್ದಲವನ್ನು ಅದರಿಂದಲೇ ಅಳೆಯುವುದು.

"ರೆಸಿಸ್ಟರ್ ಎಷ್ಟು ಬಿಸಿ ಉಂಟೂಂತ ಹೇಗೆ ಗೊತ್ತಾಗುದು?"

"ಥರ್ಮಾಮೀಟರ್ ಉಂಟಲ್ಲ, ಉಗ್ಗಪ್ಪಣ್ಣ."

"ಅದು ಎಲ್ಲಿ ಕೂತಿದೆ?"

"ರೆಸಿಸ್ಟರಿನ ಪಕ್ಕದಲ್ಲೇ. ಅದೇ ತಾಮ್ರದ ತಟ್ಟೆಗೆ ತೃಷಾ ಕೂರಿಸಿದ್ದಾಳೆ."

ಉಗ್ಗಪ್ಪಣ್ಣ ಮೀನಿನ ಮುಳ್ಳು ಬಿಡಿಸಿ ಡಬ್ಬಿಯ ಮುಚ್ಚಳದಲ್ಲಿಟ್ಟರು. "ಅಲ್ಲ, ಕೇಳಿದ್ದು ಎಂತಕ್ಕೆಂದ್ರೆ," ಎಂದು ಮತ್ತೆ ಶುರುಮಾಡಿದರು. "ನಮ್ಮ ಪ್ಲಾಂಟಿನಲ್ಲಿ ಐಸಿನ ಡಬ್ಬಿಗಳನ್ನು ಮುಳುಗಿಸಿಡುವ ಉಪ್ಪುನೀರಿನ ಟ್ಯಾಂಕಿಯಲ್ಲಿ ಥರ್ಮಾಮೀಟರನ್ನು ತಂಪಿನ ಪೈಪಿನ ಹತ್ತಿರವೇ ಕಟ್ಟಿದ್ರು. ಅದು ಯಾವಾಗ ನೋಡಿದ್ರೂ ಮೈನಸ್ ಹತ್ತು. ಧಣಿಗಳಿಗೆ ಖುಷಿ. ಆದ್ರೆ ಆಚೆ ಮೂಲೆಯ ಡಬ್ಬಿಗಳಿಂದ ತೆಗೆದ ಐಸಿನ ನಡುವಲ್ಲಿ ನೀರು. ದೋಣಿಯವರು ಬಂದು ಜೋರು ಮಾಡಿದ್ರು. ಥರ್ಮಾಮೀಟರ್ ಸುಳ್ಳು ಹೇಳ್ತದಾ ಅಂತ ಧಣಿಗಳು ನನ್ನನ್ನೇ ಕೇಳಿದ್ರು. ಸುಳ್ಳು ಹೇಳುದಿಲ್ಲ ಧಣಿ, ಆದ್ರೆ ತಾನು ಕೂತ ಜಾಗದ ಸಂಗತಿ ಮಾತ್ರ ಹೇಳುದು ಅಂದೆ."

ಮೇಡಂ ನಕ್ಕರು. "ಇದು ಪಕ್ಕದಲ್ಲೇ ಉಂಟು, ಹೆದರಬೇಡಿ."

ನಾನು ನನ್ನ ಡಬ್ಬಿ ಮುಚ್ಚಿದೆ. ಅದು ಪಕ್ಕದಲ್ಲಿ ಇರಲಿಲ್ಲ.

ಡಿಸೆಂಬರಿನಲ್ಲಿ ಥರ್ಮಾಮೀಟರ್ ಕೂರಿಸುವಾಗ ರೆಸಿಸ್ಟರಿನ ಬಳಿ ಇದ್ದ ತೂತಿನ ಒಳಗಿನ ಸುರುಳಿ ಗೆರೆಗಳು ಸವೆದು ತಿರುಪು ನಿಲ್ಲುತ್ತಿರಲಿಲ್ಲ. ಹೊಸ ತಟ್ಟೆ ಮಾಡಿಸಬೇಕಾದರೆ ವಾರವಾದರೂ ಬೇಕು. ಫ್ರಿಜ್ ಮುಚ್ಚುವುದು ಮರುದಿನ. ತಟ್ಟೆಗೆ ತಿರುಪು ಹಾಕಿ ಜೋಡಿಸಿದ್ದ ಇನ್ನೊಂದು ತಾಮ್ರದ ತುಂಡಿನಲ್ಲಿ ಒಳ್ಳೆಯ ತೂತು ಇತ್ತು. ಅದೂ ತಾಮ್ರ, ಇದೂ ತಾಮ್ರ ಎಂದುಕೊಂಡು ಅಲ್ಲಿಗೆ ಬಿಗಿದೆ. ಲಾಗ್‌ಬುಕ್ಕಿನಲ್ಲಿ ಬರೆಯಲಿಲ್ಲ. ಆದರೆ ಅಷ್ಟು ತಣ್ಣಗಿರುವಲ್ಲಿ ಒಂದು ತುಂಡಿನಿಂದ ಇನ್ನೊಂದಕ್ಕೆ ಬಿಸಿ ಸುಲಭವಾಗಿ ದಾಟುವುದಿಲ್ಲ. ಹಾಗಾದರೆ ರೆಸಿಸ್ಟರ್ ಥರ್ಮಾಮೀಟರ್ ಹೇಳಿದ್ದಕ್ಕಿಂತ ಎಷ್ಟೋ ಹೆಚ್ಚು ಬಿಸಿ ಇದ್ದಿರಬೇಕು. ನಮ್ಮ ಅಳತೆಗೋಲು ನಾವು ಅಂದುಕೊಂಡದ್ದಕ್ಕಿಂತ ಉದ್ದವಿತ್ತು, ಅದರಿಂದ ಅಳೆದ ಗದ್ದಲ ಇರುವುದಕ್ಕಿಂತ ಕಡಿಮೆ ಎಂದು ತೋರಿತ್ತು. ಆಂಪ್ಲಿಫೈಯರ್ ಇರುವುದಕ್ಕಿಂತ ಒಳ್ಳೆಯದಾಗಿ ಕಂಡಿತ್ತು.

ಅದು ನನ್ನೊಬ್ಬಳಿಗೆ ಮಾತ್ರ ಗೊತ್ತಿತ್ತು. ಸಂಜೆ ಬಸ್ಸಿನಲ್ಲಿ ಮೊಗ್ರಾಲಿಗೆ ಬರುವಾಗ ನನ್ನ ಸ್ಟಾಪ್ ದಾಟಿ ಎರಡು ಸ್ಟಾಪ್ ಮುಂದೆ ಹೋದದ್ದೇ ತಿಳಿಯಲಿಲ್ಲ. ಇಳಿದು ಹೈವೇ ಬದಿಯಲ್ಲಿ ವಾಪಸ್ಸು ನಡೆಯುತ್ತಾ ನನಗೆ ನಾನೇ ಎಷ್ಟೋ ಸಮಾಧಾನ ಹೇಳಿಕೊಂಡೆ. ವ್ಯತ್ಯಾಸ ಸಣ್ಣದಿರಬಹುದು, ಹೇಗೂ ಮುಂದಿನ ತಿಂಗಳು ಫ್ರಿಜ್ ಬಿಚ್ಚಲಿಕ್ಕೆ ಇದೆ, ಆಗ ಸದ್ದಿಲ್ಲದೆ ಸರಿ ಮಾಡಬಹುದು. ಮನೆ ಮುಟ್ಟುವಾಗ ಒಂದು ಸಮಾಧಾನವೂ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಮೇಡಂ ಬರುವ ಮೊದಲೇ ಹೋಗಿ ಬಾಗಿಲಲ್ಲಿ ನಿಂತಿದ್ದೆ. ಅವರು ಚೀಲ ಇಡುವಷ್ಟರಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಒಂದು ಕಾಗದ ಎಳೆದುಕೊಂಡು ತಟ್ಟೆಯ ಚಿತ್ರ ಬರೆದರು.

"ಯಾವ ತೂತು?"

ತೋರಿಸಿದೆ.

"ಯಾಕೆ ಬರೀಲಿಲ್ಲ?"

"ಅವಸರ ಇತ್ತು ಮೇಡಂ. ಆಮೇಲೆ ಮರೆತೆ. ಆಮೇಲೆ..." ಅವರು ಕಾದರು. "ಆಮೇಲೆ ಸಂಖ್ಯೆ ಚಂದ ಬಂತು."

ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. ಅವರು ಆ ಚಿತ್ರವನ್ನೇ ನೋಡುತ್ತಾ ಹೇಳಿದರು, "ಕೆಟ್ಟ ಸಂಖ್ಯೆ ಬಂದಾಗ ಹನ್ನೊಂದು ಸಲ ಫ್ರಿಜ್ ಬಿಚ್ಚಿ ತಿರುಪು ತಿರುಪು ನೋಡಿದ್ದೇನೆ. ಒಳ್ಳೇದು ಬಂದಾಗ ಒಂದು ಸಲವೂ ಬಿಚ್ಚಲಿಲ್ಲ. ಅದು ನಿನ್ನ ತಪ್ಪಲ್ಲ, ನನ್ನದು."

ಕೂಡಲೇ ಕಂಪ್ಯೂಟರ್ ತೆರೆದರು. ಮೊದಲು ಸರಿಯಾಗಿ ಅಳೆದು ಆಮೇಲೆ ತಿಳಿಸಬಹುದಲ್ಲ ಎಂದು ನಾನು ಸಣ್ಣಗೆ ಅಂದೆ.

"ತಪ್ಪೂಂತ ಗೊತ್ತಾದದ್ದು ಇವತ್ತಲ್ವಾ? ಬರೆಯುದೂ ಇವತ್ತೇ."

ಪತ್ರ ನಾಲ್ಕು ಸಾಲಿನದು. ನಾವು ಕಳುಹಿಸಿದ ಸಂಖ್ಯೆಯನ್ನು ನಂಬಬೇಡಿ. ಥರ್ಮಾಮೀಟರ್ ಇರಬೇಕಾದಲ್ಲಿ ಇರಲಿಲ್ಲ. ನಿಜವಾದ ಸಂಖ್ಯೆ ಇದಕ್ಕಿಂತ ಕೆಟ್ಟದ್ದು, ಎಷ್ಟು ಕೆಟ್ಟದ್ದೆಂದು ನಮಗಿನ್ನೂ ಗೊತ್ತಿಲ್ಲ. ತಿಳಿದ ದಿನ ಬರೆಯುತ್ತೇವೆ. ಅದರಲ್ಲಿ ನನ್ನ ಹೆಸರು ಇರಲಿಲ್ಲ. ಕೂರಿಸಿದವಳು ನಾನು ಎಂದು ಬರೆಯಿರಿ ಎಂದೆ. ಮೇಡಂ ಬೇಡವೆಂದು ತಲೆಯಾಡಿಸಿದರು. "ಪತ್ರದಲ್ಲಿ ನಾವು. ಲಾಗ್‌ಬುಕ್ಕಿನಲ್ಲಿ ನೀನು. ಡಿಸೆಂಬರಿನ ಪುಟ ತೆಗೆದು, ಇವತ್ತಿನ ತಾರೀಕು ಹಾಕಿ ಬರಿ."

ಬರೆದೆ. ಕೆಳಗೆ ನನ್ನ ಹೆಸರು ಹಾಕಿದೆ.

ಹೊರದೇಶದಿಂದ ಒಂದೇ ಸಾಲಿನ ಉತ್ತರ ಬಂತು: ತಲುಪಿದೆ, ಕಾಯುತ್ತೇವೆ. ಉಳಿದದ್ದು ಭಾನುವಾರದ ಸನ್ಮಾನ. ಮೇಡಂ ಸುಬ್ಬರಾಯ ಮಾಸ್ಟ್ರಿಗೆ ಫೋನು ಮಾಡಿ ಅದನ್ನು ಮುಂದೆ ಹಾಕಲು ಕೇಳಿಕೊಂಡರು. ಬ್ಯಾನರ್ ಪ್ರಿಂಟಾಗಿದೆ, ಜನಕ್ಕೆ ಹೇಳಿಯಾಗಿದೆ ಎಂದರು ಮಾಸ್ಟ್ರು. ಆಗ ಮೇಡಂ, "ಹಾಗಾದ್ರೆ ಬರ್ತೇನೆ. ಆದ್ರೆ ನಾನು ಹೇಳುದನ್ನು ನೀವು ಕೇಳ್ಬೇಕು" ಎಂದು ಫೋನು ಇಟ್ಟರು.

ಸಂಜೆ ಐದಕ್ಕೆ ವಾಚನಾಲಯದ ಅಂಗಳದಲ್ಲಿ ಎಂಬತ್ತು ಜನವಾದರೂ ಇದ್ದರು. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಮೇಡಂ ಚಿತ್ರದ ಪಕ್ಕ ಕೆಂಪು ಅಕ್ಷರದಲ್ಲಿ 1.25 ಎಂದಿತ್ತು. ಶಾಲು ಹೊದೆಸಲು ಬಂದವರನ್ನು ಮೇಡಂ ಕೈಮುಗಿದು ತಡೆದು ಮೈಕ್ ತೆಗೆದುಕೊಂಡರು.

"ನನ್ನ ಹಿಂದೆ ಬರೆದ ಸಂಖ್ಯೆ ತಪ್ಪು. ಗುರುವಾರ ಗೊತ್ತಾಯಿತು. ತಪ್ಪನ್ನು ಹಿಡಿಯುವಂಥ ಪ್ರಶ್ನೆ ಕೇಳಿದ್ದು ನಮ್ಮ ಉಗ್ಗಪ್ಪಣ್ಣ, ಅದನ್ನು ಒಪ್ಪಿಕೊಂಡದ್ದು ನನ್ನ ಜೊತೆ ಕೆಲಸ ಮಾಡುವವರು. ನೀವು ಬಂದಿದ್ದೀರಿ, ಹಾಗಾಗಿ ನಾವು ಎಂತ ಮಾಡ್ತಾ ಇದ್ದೇವೆ ಅಂತ ಹೇಳ್ತೇನೆ. ಸನ್ಮಾನ ಬೇಡ."

ಮುಂದಿನ ಸಾಲಿನಲ್ಲಿ ಕೂತಿದ್ದ ಅಪ್ಪಿ ಎಂಬ ಅಜ್ಜಿ ಪಕ್ಕದವಳಿಗೆ ಹೇಳಿದ್ದು ನನಗೆ ಕೇಳಿಸಿತು: "ಮೈಕ್ ಹಿಡಿದು ತನ್ನ ತಪ್ಪು ಹೇಳುವವರನ್ನು ನಾನು ಇಷ್ಟು ವರ್ಷದಲ್ಲಿ ನೋಡಿದ್ದಿಲ್ಲ." ಮೇಡಂ ಮುಕ್ಕಾಲು ಗಂಟೆ ಮಾತಾಡಿದರು. ಉಯ್ಯಾಲೆಯ ಮಾತು ಬಂದಾಗ ಹೆಂಗಸರು ನಕ್ಕು ತಲೆಯಾಡಿಸಿದರು. ಯಾರೂ ಎದ್ದು ಹೋಗಲಿಲ್ಲ. ಉಗ್ಗಪ್ಪಣ್ಣ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದರು.

ಫ್ರಿಜ್ಜನ್ನು ಮೆಲ್ಲಗೆ ಬೆಚ್ಚಗಾಗಲು ಬಿಟ್ಟು ತೆರೆಯಲು ಎರಡು ದಿನ ಬೇಕಾಯಿತು. ಹೊಸ ತಟ್ಟೆಯನ್ನು ಉಪ್ಪಳದ ಲೇತ್ ಅಂಗಡಿಯ ಸುಕುಮಾರ ಒಂದೇ ತುಂಡು ತಾಮ್ರದಲ್ಲಿ, ಎಲ್ಲೂ ಜೋಡಣೆ ಇಲ್ಲದಂತೆ ಕೊರೆದು ಕೊಟ್ಟ. ಥರ್ಮಾಮೀಟರನ್ನು ಈ ಸಲವೂ ಕೂರಿಸಲು ಮೇಡಂ ನನಗೇ ಹೇಳಿದರು. ಮತ್ತೆ ತಣಿಸಲು ಮೂರು ದಿನ. ಅಳೆದಾಗ ಸಿಕ್ಕಿದ್ದು ಎರಡೂಕಾಲು.

ನಾನು ಪೆನ್ನು ಕೆಳಗಿಟ್ಟು ಪರದೆಗೆ ಬೆನ್ನು ಹಾಕಿದೆ. ಮೇಡಂ ಮುಖದಲ್ಲಿ ಮಾತ್ರ ನಾನು ಅಂದುಕೊಂಡಿರದ ಉತ್ಸಾಹವಿತ್ತು. ಆ ಸಂಖ್ಯೆಯನ್ನು ಬೋರ್ಡಿನ ನಡುವೆ ಬರೆದರು. "ಒಂದೂಕಾಲು ಅಂತ ನಂಬಿ ಕೂತಿದ್ರೆ ಮಾಡ್ಲಿಕ್ಕೆ ಎಂತ ಉಳಿದಿತ್ತು? ಈಗ ಕೆಲಸ ಉಂಟು ನೋಡು. ಚಿಪ್ಪು ಇಷ್ಟು ಗದ್ದಲ ಮಾಡ್ಲಿಕ್ಕಿಲ್ಲ. ಎಲ್ಲಿಂದ ಬರ್ತಾ ಉಂಟು ಹುಡುಕುವ."

ಹುಡುಕಲು ಮಾರ್ಚ್, ಏಪ್ರಿಲ್, ಮೇ ಕಳೆಯಿತು. ಚಿಪ್ಪು ದಾಟಿದ ಮೇಲೆ ಏನಿದ್ದರೂ ಅಷ್ಟು ಬಾಧಕವಿಲ್ಲ, ಅಲ್ಲಿಗೆ ಮುಟ್ಟುವಾಗ ಸಂಕೇತ ದೊಡ್ಡದಾಗಿರುತ್ತದೆ. ಚಿಪ್ಪಿಗೆ ಮುಟ್ಟುವ ಮೊದಲು ಚೂರು ಸೋರಿದರೂ ನಷ್ಟವೇ. ಚಿಪ್ಪಿನವರೆಗಿನ ದಾರಿಯಲ್ಲಿ ಒಂದು ಗೇಣು ತಾಮ್ರದ ಕೇಬಲ್, ನಾಲ್ಕು ಕನೆಕ್ಟರ್ ಇದ್ದವು. ಒಂದೊಂದನ್ನೇ ತೆಗೆದು ಬೇರೆ ಹಾಕಿ, ಪ್ರತಿಸಲ ಫ್ರಿಜ್ ಬೆಚ್ಚಗೆ ಮಾಡಿ, ಮತ್ತೆ ತಣಿಸಿ ಅಳೆದೆವು. ಕೇಬಲ್ಲಿನ ಬದಲು ಅತಿವಾಹಕ ಲೋಹದ್ದನ್ನೇ ಹಾಕಿದೆವು. ನಾಲ್ಕು ಕನೆಕ್ಟರಿನ ಜಾಗದಲ್ಲಿ ಎರಡು ಉಳಿಸಿದೆವು. ಉಗ್ಗಪ್ಪಣ್ಣ ಕಂಪ್ರೆಸರಿನ ಮೇಲೆ ಅಂಗೈ ಇಟ್ಟೇ ಅದರ ಆರೋಗ್ಯ ಹೇಳುತ್ತಿದ್ದರು. ಅಷ್ಟು ಸಲ ತಣಿಸಿದರೂ ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಜೂನ್ ಮೊದಲ ವಾರ ಒಂದೂವರೆ ಬಂತು. ಮೇಡಂ ಆಗಲೇ ಯಾರಿಗೂ ಹೇಳಲಿಲ್ಲ. ಫ್ರಿಜ್ ಬಿಚ್ಚಿ, ಎಲ್ಲವನ್ನೂ ನೋಡಿ, ಮತ್ತೆ ಕಟ್ಟಿ ಅಳೆದೆವು. ಆಗಲೂ ಒಂದೂವರೆಯೇ ಬಂತು. ಆ ಮೇಲೆ ಬರೆದೆವು.

ಹೊರದೇಶದ ಗುಂಪಿನ ಉತ್ತರ ಈ ಸಲ ಉದ್ದವಿತ್ತು. ನಮ್ಮ ಮೊದಲಿನ ಪತ್ರ ಸಿಕ್ಕಿದ ಮೇಲೆ ಅವರು ಉಳಿದ ಎರಡೂ ಲ್ಯಾಬ್‌ಗಳಿಗೆ ಥರ್ಮಾಮೀಟರ್ ಎಲ್ಲಿ ಕೂರಿಸಿದ್ದೀರಿ ಎಂದು ಕೇಳಿದ್ದರಂತೆ. ಒಂದು ಲ್ಯಾಬಿನವರು ತಮ್ಮ ಸಂಖ್ಯೆಯನ್ನೂ ತಿದ್ದಿಕೊಳ್ಳಬೇಕಾಯಿತಂತೆ. ಈಗ ನಮ್ಮದೇ ಎಲ್ಲಕ್ಕಿಂತ ಕಡಿಮೆ. "ನಿಮ್ಮ ಸಂಖ್ಯೆಯನ್ನು ನಾವು ಇನ್ನೊಮ್ಮೆ ಪರೀಕ್ಷಿಸುವುದಿಲ್ಲ. ಡಿಟೆಕ್ಟರನ್ನೇ ಕಳುಹಿಸುತ್ತಿದ್ದೇವೆ" ಎಂದು ಬರೆದಿದ್ದರು. ಮೇಡಂ ಆ ಸಾಲನ್ನು ಕನ್ನಡದಲ್ಲಿ ಎರಡು ಸಲ ಉಗ್ಗಪ್ಪಣ್ಣನಿಗೆ ಓದಿ ಹೇಳಿದರು.

ಡಿಟೆಕ್ಟರ್ ಆಗಸ್ಟಿನಲ್ಲಿ ಬಂತು. ಅಂಗೈಯಗಲದ ಸಿಲಿಕಾನ್ ಬಿಲ್ಲೆ, ಅದರ ಮೇಲೆ ಕಂಡೂ ಕಾಣದ ಲೋಹದ ಗೆರೆಗಳು. ಅದನ್ನು ಫ್ರಿಜ್ಜಿನೊಳಗೆ ನಮ್ಮ ಚಿಪ್ಪಿನ ಮುಂದೆ ಕೂರಿಸಿ ತಣಿಸಿದೆವು. ಪರೀಕ್ಷೆ ಸರಳವಾದದ್ದು. ಕೂದಲಿನಂಥ ಗಾಜಿನ ಎಳೆಯಲ್ಲಿ ಬೆಳಕಿನ ಅತಿ ಸಣ್ಣ ಮಿಣುಕುಗಳನ್ನು ಒಳಗೆ ಕಳುಹಿಸುವುದು, ಡಿಟೆಕ್ಟರ್ ಪ್ರತಿ ಮಿಣುಕಿಗೆ ಎಷ್ಟು ಅಲುಗಿತು ಎಂದು ಬರೆದಿಡುವುದು. ಒಂದೇ ಅಳತೆಯವು ಪರದೆಯಲ್ಲಿ ಒಂದರ ಮೇಲೊಂದು ಪೇರುತ್ತವೆ, ಕಡಿಮೆ ಅಲುಗಿದ್ದು ಎಡಕ್ಕೆ, ಹೆಚ್ಚು ಅಲುಗಿದ್ದು ಬಲಕ್ಕೆ. ಒಂದೊಂದು ಮಿಣುಕಿನಲ್ಲಿ ಬೆಳಕಿನ ಒಂದು ಬಿಡಿಕಣ ಇರಬಹುದು, ಎರಡಿರಬಹುದು, ಒಂದೂ ಇಲ್ಲದಿರಬಹುದು.

ಮಧ್ಯಾಹ್ನ ಮೂರರ ಹೊತ್ತಿಗೆ, ನಮ್ಮ ಆಂಪ್ಲಿಫೈಯರ್ ಆಫ್ ಇಟ್ಟುಕೊಂಡು, ಅದರ ನಂತರ ಇರುವ ಮಾಮೂಲಿಯದೊಂದರಲ್ಲೇ ನೋಡಲು, ಒಂದು ಸಾವಿರ ಮಿಣುಕು ಕಳುಹಿಸಿದೆವು. ಪರದೆಯ ಮೇಲೆ ರಾಶಿ ಸುರಿದ ಮರಳಿನಂಥ ಒಂದೇ ಗುಡ್ಡೆ ಬಂತು. ಏನು ಎಷ್ಟು ಎಂದು ಹೇಳುವಂತಿರಲಿಲ್ಲ.

"ಈಗ ಆನ್ ಮಾಡು" ಎಂದರು ಮೇಡಂ.

ಆನ್ ಮಾಡಿ ಇನ್ನೊಂದು ಸಾವಿರ ಕಳುಹಿಸಿದೆ. ಮಿಣುಕು ಒಂದೊಂದಾಗಿ ಸೇರುತ್ತಾ ಬಂದ ಹಾಗೆ ಗುಡ್ಡೆ ನಡುವೆ ಬಿರುಕು ಬಿಟ್ಟಿತು. ಬಿರುಕು ಅಗಲವಾಗಿ ಕಣಿವೆಯಾಯಿತು. ಕೊನೆಗೆ ಪರದೆಯ ಮೇಲೆ ಒಂದರಿಂದ ಒಂದು ಬಿಡಿಸಿಕೊಂಡು ಮೂರು ಗುಡ್ಡೆ ನಿಂತವು. ಅವುಗಳ ಬಲಕ್ಕೆ ನಾಲ್ಕನೆಯದೊಂದು ಸಣ್ಣದು.

ಮೇಡಂ ಬೆರಳಿಟ್ಟು ಉಗ್ಗಪ್ಪಣ್ಣನಿಗೆ ತೋರಿಸಿದರು. "ಇದು ಬೆಳಕು ಬಾರದೆ ಇದ್ದದ್ದು. ಇದು ಒಂದು ಕಣ ಬಂದದ್ದು. ಇದು ಎರಡು. ಆ ಸಣ್ಣದು ಮೂರು."

"ಬೆಳಕನ್ನು ಬಿಡಿಬಿಡಿಯಾಗಿ ಎಣಿಸುದಾ, ಬಾಯಮ್ಮ?"

"ಹೌದು. ಈಗ ಎಣಿಸ್ಲಿಕ್ಕೆ ಆಗ್ತದೆ."

ಉಗ್ಗಪ್ಪಣ್ಣ ಕುರ್ಚಿ ಎಳೆದು ಪರದೆಯ ಹತ್ತಿರ ಕೂತರು. ತುಸು ಹೊತ್ತು ನೋಡಿ, "ಒಮ್ಮೆ ಆಫ್ ಮಾಡಿ ಪುನಃ ಆನ್ ಮಾಡು ನೋಡುವ, ತೃಷಾ" ಎಂದರು. ಮಾಡಿದೆ. ಗುಡ್ಡೆಗಳು ಕರಗಿ ಒಂದಾದವು, ಮತ್ತೆ ಬೇರೆ ಬೇರೆಯಾಗಿ ನಿಂತವು. ಅವರು ಕೇಳದೆಯೇ ಇನ್ನೊಮ್ಮೆ ಮಾಡಿದೆ. ಮೇಡಂ ಎದ್ದು ಹೋಗಿ ಕೆಟಲಿನಲ್ಲಿ ಚಹಾಕ್ಕೆ ನೀರಿಟ್ಟು ಬಂದರು. ನಮ್ಮಿಬ್ಬರ ನಡುವೆ ನಿಂತು ಮೂರನೆಯ ಸಲದ್ದನ್ನು ಅವರೂ ನೋಡಿದರು.